ಆ ಅಪ್ಪಣೆಯನ್ನು ನಾನು ಕೊಡಲಾರೆ



ಬಹಳ ದಿನಗಳಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. ಇಂದು ಬರೆಯಲು ಕಾರಣ ನನ್ನ ಮೇಜಿನ ಮೇಲಿರುವ ಎರಡು ಆಮಂತ್ರಣ ಪತ್ರಿಕೆಗಳು. ಎರಡೂ 1994ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ತಂಡದ ಗುರುವಂದನೆಗೆ ಸಂಬಂಧಿಸಿದವು. ಒಂದರಲ್ಲಿ ಒಂದು ಭಾನುವಾರ, ಇನ್ನೊಂದರಲ್ಲಿ ಅದರ ಮುಂದಿನ ಭಾನುವಾರ. ಅಚ್ಚಿನ ದೋಷವಿರಬಹುದೆಂದು ಭಾವಿಸಿ ದೂರವಾಣಿಯಲ್ಲಿ ವಿಚಾರಿಸಿದೆ. ದೋಷವೇನೂ ಇರಲಿಲ್ಲ. ತಂಡವೇ ಎರಡಾಗಿತ್ತು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಬುತ್ತಿಯಲ್ಲಿ ಕೈಯಿಟ್ಟು ಉಂಡವರು ವಾಟ್ಸಾಪ್ ಗುಂಪಿನಲ್ಲಿ ಚುನಾವಣೆಯ ವಿಷಯಕ್ಕೆ ಜಗಳವಾಡಿ ಎರಡು ಗುಂಪು ಕಟ್ಟಿಕೊಂಡಿದ್ದರು. ಎರಡೂ ಕಡೆಯವರಿಗೆ ಮೇಷ್ಟ್ರು ಮಾತ್ರ ಬೇಕು!

ಅವರಲ್ಲೊಬ್ಬ ಸಂಕೋಚದಿಂದಲೇ ಕೇಳಿದ: "ಸಾರ್, ನೀವೇ ಒಂದು ಮಾತು ಹೇಳಿಬಿಡಿ. ಗುಂಪಿನಲ್ಲಿ ರಾಜಕೀಯ ಬೇಡ ಅಂತ. ನೀವು ಹೇಳಿದರೆ ಎಲ್ಲರೂ ಕೇಳ್ತಾರೆ." ಯೋಚಿಸಿ ಹೇಳುತ್ತೇನೆ ಎಂದು ಉತ್ತರಿಸಿದೆ. ಮೂರು ವಾರ ಯೋಚಿಸಿದೆ. ನನ್ನ ಉತ್ತರವನ್ನು ಈಗ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೇನೆ. ಆ ಅಪ್ಪಣೆಯನ್ನು ನಾನು ಕೊಡಲಾರೆ. ಸ್ನೇಹ ಉಳಿಯಬೇಕಾದರೆ ರಾಜಕೀಯ ಮಾತನಾಡಬಾರದು ಎಂಬ ಈಚಿನ ಬುದ್ಧಿವಾದವನ್ನು ನಾನು ಒಪ್ಪುವುದಿಲ್ಲ. ಅದು ಸೌಜನ್ಯದ ವೇಷ ತೊಟ್ಟ ಪುಕ್ಕಲುತನ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲಿಗೆ, ನೀವು ರಾಜಕೀಯ ಎಂದು ಕರೆಯುವುದು ಯಾವುದನ್ನು? ಇದೇ ತಂಡದ ಒಬ್ಬ ವಿದ್ಯಾರ್ಥಿ ಇಂದು ಸರ್ಕಾರಿ ಶಾಲೆಯ ಶಿಕ್ಷಕ. 2006ರ ಏಪ್ರಿಲ್ ನಂತರ ಸೇವೆಗೆ ಸೇರಿದವನಾದ್ದರಿಂದ ನನಗೆ ದೊರೆಯುತ್ತಿರುವಂಥ ಹಳೆಯ ಪಿಂಚಣಿ ಅವನಿಗಿಲ್ಲ. ಆ ಬಗ್ಗೆ ಗುಂಪಿನಲ್ಲಿ ನಾಲ್ಕು ಸಾಲು ಬರೆದ. "ಇಲ್ಲಿ ರಾಜಕೀಯ ಬೇಡ" ಎಂಬ ಉತ್ತರ ಬಂತು. ಅವನು ಬರೆದದ್ದು ತನ್ನ ಮುಪ್ಪಿನ ಕುರಿತು. ಇನ್ನೊಬ್ಬ ವಿದ್ಯಾರ್ಥಿನಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ತಿಂಗಳಿಗೆರಡು ಬಾರಿ ತವರಿಗೆ ಹೋಗಿ ತಾಯಿಯನ್ನು ನೋಡಿಕೊಂಡು ಬರುವುದು ಸಾಧ್ಯವಾಗಿದೆ ಎಂದು ಬರೆದಳು. ಯಾರೋ ಒಬ್ಬರು "ಬಿಟ್ಟಿ ಭಾಗ್ಯ" ಎಂದು ಒಂದು ವ್ಯಂಗ್ಯಚಿತ್ರವನ್ನು ಎಸೆದರು, ಹತ್ತು ಜನ ನಗುವ ಮುಖಗಳನ್ನು ಅಂಟಿಸಿದರು. ಮರುದಿನ ನೋಡಿದರೆ ಅವಳು ಬರೆದಿದ್ದ ಜಾಗದಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ" ಎಂದಿತ್ತು. ಆಮೇಲೆ ಅವಳು ಹುಟ್ಟುಹಬ್ಬದ ಶುಭಾಶಯವನ್ನೂ ಬರೆದಿಲ್ಲ. ಆ ಯೋಜನೆಯ ಖರ್ಚು ಸರಿಯೇ ತಪ್ಪೇ ಎಂಬುದನ್ನು ಧಾರಾಳವಾಗಿ ಚರ್ಚಿಸಬಹುದು, ಚರ್ಚಿಸಲೇಬೇಕು. ಆದರೆ ನೀವು ಚರ್ಚಿಸಲಿಲ್ಲ, ನಕ್ಕಿರಿ.

ರಾಜಕೀಯ ಬೇಡವೆನ್ನುವ ಬಹುಪಾಲು ಜನರ ಮಾತಿನ ನಿಜವಾದ ಅರ್ಥ "ನಿನ್ನ ರಾಜಕೀಯ ಬೇಡ" ಎಂದು. ತಮಗೆ ಒಪ್ಪಿಗೆಯಾದದ್ದು ಬಂದಾಗ ಅದು ದೇಶಪ್ರೇಮ, ಸಾಮಾಜಿಕ ಕಾಳಜಿ, ಕಟುಸತ್ಯ. ಒಪ್ಪಿಗೆಯಾಗದ್ದು ಬಂದಾಗ ಮಾತ್ರ ಅದು ರಾಜಕೀಯ. ಎರಡೂ ಪಾಳಯಗಳಲ್ಲಿ ಈ ರೋಗವನ್ನು ಕಂಡಿದ್ದೇನೆ. ಯಾರೂ ಬೀಗಬೇಕಾಗಿಲ್ಲ.

"ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ಉದಾಹರಿಸಿ ನನ್ನನ್ನು ಒಪ್ಪಿಸಲು ಯತ್ನಿಸಿದವರುಂಟು. ಆ ಗಾದೆಯನ್ನು ನಿಮಗೆ ವಿಸ್ತರಿಸಿ ಬರೆಯಲು ಕೊಟ್ಟವನು ನಾನೇ ಅಲ್ಲವೇ? ಮತ್ತೊಮ್ಮೆ ಓದಿ. ಗಾದೆ ಹೇಳುವುದು ಮಾತು ಬಲ್ಲವನ ಬಗ್ಗೆ. ಬಾಯಿ ಮುಚ್ಚಿಕೊಂಡವನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಉಪವಾಸವಿದ್ದರೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದಾರೆಯೇ?

ಮಾತು ಬಲ್ಲವರ ಜಗಳ ಹೇಗಿರುತ್ತದೆಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನಮ್ಮ ಮನೆಯ ಜಗುಲಿಯಲ್ಲಿ ಕಲಿತೆ. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ನಡೆದ ಉಪಚುನಾವಣೆಯ ಬಗ್ಗೆ ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಹಿಂದಿನ ವರ್ಷ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ಸ್ಥಾನ ತೆರವು ಮಾಡಿಕೊಟ್ಟರು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಇಡೀ ದೇಶದ ಕಣ್ಣು ನಮ್ಮ ಮಲೆನಾಡಿನ ಮೇಲಿತ್ತು. ನಾನಾಗ ಬಿ.ಎ. ವಿದ್ಯಾರ್ಥಿ.

ನಮ್ಮ ತಂದೆ ಗೇಣಿದಾರರು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ನಮಗೆ ಎರಡು ಎಕರೆ ಗದ್ದೆ ಸ್ವಂತವಾಯಿತು. ಪ್ರತಿ ಸಂಜೆ ಎಲೆ ಅಡಿಕೆ ಹಾಕಲು ನಮ್ಮ ಜಗುಲಿಗೆ ಬರುತ್ತಿದ್ದ ರಾಯರು ಅದೇ ಕಾನೂನಿನಿಂದ ಗದ್ದೆ ಕಳೆದುಕೊಂಡವರು. ನಮಗೆ ಬಂದ ಗದ್ದೆ ಅವರದಾಗಿರಲಿಲ್ಲ, ಆದರೆ ಕಾನೂನು ಒಂದೇ. ಒಬ್ಬರ ಅನ್ನ, ಇನ್ನೊಬ್ಬರ ನಷ್ಟ. ಇದಕ್ಕಿಂತ ಆಳವಾದ ರಾಜಕೀಯ ಭಿನ್ನಾಭಿಪ್ರಾಯ ನಿಮ್ಮ ಗುಂಪಿನಲ್ಲಿ ಯಾರ ನಡುವೆ ಇದೆ, ಹೇಳಿ ನೋಡೋಣ.

"ನಿನ್ನ ಓಟು ಎಲ್ಲಿಗೆ ಅಂತ ನಂಗೆ ಗೊತ್ತು ಮಾರಾಯ. ಆದ್ರೆ ತುರ್ತುಪರಿಸ್ಥಿತೀಲಿ ಊರಿಗೆಲ್ಲ ಬಾಯಿ ಕಟ್ಟಿದ್ರಲ್ಲ, ಅದನ್ನ ಹ್ಯಾಗೆ ಮರೀತೀಯ?" ಎಂದು ರಾಯರು ಕೇಳುತ್ತಿದ್ದರು.

"ಹೊಟ್ಟೆ ತುಂಬಿದೋರಿಗೆ ಬಾಯಿದು ಚಿಂತೆ ರಾಯರೇ. ನಮಗೆ ಮೊದಲು ಹೊಟ್ಟೇದು" ಎಂದು ತಂದೆ ಹೇಳುತ್ತಿದ್ದರು.

ಒಬ್ಬರು "ನೀನು" ಎನ್ನುವುದು, ಇನ್ನೊಬ್ಬರು "ರಾಯರೇ" ಎನ್ನುವುದು ಆ ಕಾಲದ ಏಣಿಶ್ರೇಣಿ. ಅದನ್ನು ಸುಂದರಗೊಳಿಸಿ ಹೇಳುವ ಇಚ್ಛೆ ನನಗಿಲ್ಲ. ಆದರೂ ಆ ಇಬ್ಬರೂ ತಮ್ಮ ತಮ್ಮ ಬದುಕಿನ ಮಾತನ್ನೇ ಆಡುತ್ತಿದ್ದರು. ಎಷ್ಟೋ ಸಂಜೆ ರಾಯರು ಸಿಟ್ಟಿನಿಂದ ಕೊಡೆ ಎತ್ತಿಕೊಂಡು ಹೋದದ್ದುಂಟು. ಮರುದಿನ ಅದೇ ಕೊಡೆ ಅದೇ ಮೂಲೆಯಲ್ಲಿ ಒರಗಿರುತ್ತಿತ್ತು. ರಾಯರ ಪ್ರಶ್ನೆಗೆ ತಂದೆಯ ಬಳಿ ಪೂರ್ತಿ ಉತ್ತರವಿರಲಿಲ್ಲ, ತಂದೆಯ ಮಾತಿಗೆ ರಾಯರ ಬಳಿಯೂ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಇಂದಿರಾ ಗಾಂಧಿಯವರು 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆಮೇಲಿನ ಕಥೆ ಕೇಳಿ. ಅವರ ಗೆಲುವಿಗಾಗಿ ದುಡಿದ ಅರಸರು 1979ರಲ್ಲಿ ಅವರಿಂದಲೇ ದೂರವಾದರು. ಅವರೆದುರು ಸ್ಪರ್ಧಿಸಿದ್ದ ವೀರೇಂದ್ರ ಪಾಟೀಲರು ಅವರದೇ ಪಕ್ಷ ಸೇರಿ 1980ರಲ್ಲಿ ಅವರ ಸಂಪುಟದಲ್ಲಿ ಮಂತ್ರಿಯಾದರು, 1989ರಲ್ಲಿ ಅದೇ ಪಕ್ಷದಿಂದ ರಾಜ್ಯದ ಮುಖ್ಯಮಂತ್ರಿಯೂ ಆದರು. ಈ ನಾಯಕರಿಗಾಗಿ ನನ್ನ ತಂದೆಯೂ ರಾಯರೂ 1978ರಲ್ಲಿ ಮಾತು ಬಿಟ್ಟಿದ್ದರೆ 1980ರಲ್ಲಿ ಊರು ನಗುತ್ತಿತ್ತು. ನಾಯಕರು ವೇದಿಕೆ ಬದಲಾಯಿಸುತ್ತಾರೆ. ಜಗುಲಿ ಮುರಿದುಕೊಂಡವನಿಗೆ ಮತ್ತೆ ಕೂರಲು ಜಾಗವಿರುವುದಿಲ್ಲ.

ಹಾಗಾದರೆ ಇಂದು ಏನು ಕೆಟ್ಟಿದೆ? ಫೋನು ಕೆಟ್ಟದ್ದು, ಕಾಲ ಕೆಟ್ಟಿತು ಎಂದು ಗೊಣಗುವ ಮುದುಕ ನಾನಲ್ಲ. ಈ ಪುಟವನ್ನೇ ಯಂತ್ರದಲ್ಲಿ ಬರೆಯುತ್ತಿದ್ದೇನೆ. ಕೆಟ್ಟಿರುವುದು ಒಂದೇ: ನಾವು ನಮ್ಮ ಜಗಳವನ್ನು ನಾವೇ ಆಡುತ್ತಿಲ್ಲ. ಬೇರೆ ಯಾರೋ ಬರೆದದ್ದನ್ನು, ಯಾರೋ ಚಿತ್ರಿಸಿದ್ದನ್ನು, ಹೆಸರಿಲ್ಲದ ಯಾರೋ ಕೂಲಿಗೆ ತಯಾರಿಸಿರಬಹುದಾದದ್ದನ್ನು ತಂದು ಗೆಳೆಯನ ಮುಖಕ್ಕೆ ಎಸೆಯುತ್ತಿದ್ದೇವೆ. ಇದನ್ನು ನೀವು ಫಾರ್ವರ್ಡ್ ಎನ್ನುತ್ತೀರಿ. ಪರೀಕ್ಷಾ ಕೊಠಡಿಯಲ್ಲಿ ಮೂವತ್ತೈದು ವರ್ಷ ನಿಂತ ನಾನು ಇದನ್ನು ನಕಲು ಎನ್ನುತ್ತೇನೆ.

ನಕಲು ಮಾಡಿದವನನ್ನು ಹಿಡಿದಾಗ ನಾನು ಏನು ಕೇಳುತ್ತಿದ್ದೆ, ನೆನಪಿದೆಯೇ? "ಈ ಉತ್ತರವನ್ನು ನಿನ್ನ ಮಾತಿನಲ್ಲಿ ಹೇಳು." ಅವನಿಗೆ ಹೇಳಲು ಆಗುತ್ತಿರಲಿಲ್ಲ. ಇಂದು ನಿಮ್ಮಲ್ಲಿ ಯಾರನ್ನಾದರೂ ನಿಲ್ಲಿಸಿ, ನಿನ್ನೆ ಕಳುಹಿಸಿದ ಇಪ್ಪತ್ತು ಸಾಲಿನ ಸಂದೇಶವನ್ನು ನಿಮ್ಮ ಮಾತಿನಲ್ಲಿ ಹೇಳಿ ಎಂದರೆ ಹೇಳಬಲ್ಲಿರಾ? ಅದರಲ್ಲಿರುವ ಅಂಕಿ ಎಲ್ಲಿಂದ ಬಂತೆಂದು ತಿಳಿದಿದೆಯೇ? ತಿಳಿಯದಿದ್ದರೆ ಅದು ನಿಮ್ಮ ಅಭಿಪ್ರಾಯ ಹೇಗಾಯಿತು?

ನಕಲಿನ ಬೆಲೆ ಎಷ್ಟೆಂಬುದನ್ನು ನಮ್ಮ ರಾಜ್ಯ ಕಂಡಿದೆ. 2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ವಾಟ್ಸಾಪಿನಲ್ಲಿ ಹರಡಿ, ಪ್ರವಾಸಕ್ಕೆ ಬಂದಿದ್ದ ಯುವಕರ ಮೇಲೆ ಜನರ ಗುಂಪು ಎರಗಿತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಆ ಸಂದೇಶ ಒತ್ತಿದವರಲ್ಲಿ ಹೆಚ್ಚಿನವರು ಕೊಲೆಗಡುಕರಾಗಿರಲಾರರು, ನಮ್ಮ ನಿಮ್ಮಂಥ ಗೃಹಸ್ಥರೇ ಇದ್ದಿರಬೇಕು. ಅದೇ ತಿಂಗಳು ಆ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ರವಾನಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಈಗಾಗಲೇ ಹಲವು ಬಾರಿ ಕೈಬದಲಾಯಿಸಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸುವಂತೆ ಮಾಡಿತು. ವ್ಯಾಪಾರ ಮಾಡುವ ಕಂಪನಿಗೇ ತನ್ನ ಸರಕಿಗೆ ಕಡಿವಾಣ ಬೇಕೆನಿಸಿತು. ನಮಗೆ ಅನಿಸಲಿಲ್ಲ.

ಇಷ್ಟು ಬರೆದ ಮೇಲೆ ನನ್ನ ತಪ್ಪನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಮರ್ಯಾದೆಯಿಲ್ಲ. 2019ರ ಲೋಕಸಭಾ ಚುನಾವಣೆಯ ದಿನಗಳಲ್ಲಿ ನಮ್ಮ ಸಹೋದ್ಯೋಗಿಗಳ ಗುಂಪಿಗೆ ನಾನೊಂದು ಚಿತ್ರ ಕಳುಹಿಸಿದೆ. ಯಾರು ಕಳುಹಿಸಿದ್ದೆಂದು ನೋಡಲಿಲ್ಲ. ಚಿತ್ರ ನನ್ನ ಮನಸ್ಸಿನಲ್ಲಿದ್ದುದನ್ನೇ ಹೇಳುತ್ತಿತ್ತು, ಅಷ್ಟು ಸಾಕಾಯಿತು. ನನ್ನ ಜೊತೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಗಣಿತದ ಮೇಷ್ಟ್ರು ಹತ್ತೇ ನಿಮಿಷದಲ್ಲಿ ಉತ್ತರಿಸಿದರು: "ಇದು ಹಳೆಯ ಚಿತ್ರ, ಬೇರೆ ದೇಶದ್ದು." ಆಧಾರವನ್ನೂ ಕೊಟ್ಟಿದ್ದರು. ತಪ್ಪಾಯಿತು ಎಂಬ ಒಂದು ಪದ ಸಾಕಿತ್ತು. ನಾನು ಬರೆದದ್ದು: "ನಿಮ್ಮಂಥವರಿಂದಲೇ ದೇಶ ಹೀಗಾಗಿರುವುದು." ಆ ವಾಕ್ಯ ಕೂಡ ನನ್ನದಲ್ಲ, ಅದೂ ನಕಲೇ. ಅವರು ಮಾತಿಲ್ಲದೆ ಗುಂಪು ಬಿಟ್ಟು ಹೋದರು. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಎರಡೇ ಬೀದಿ. ಎರಡು ವರ್ಷ ನಾನು ಆ ಎರಡು ಬೀದಿಗಳನ್ನು ದಾಟಲಿಲ್ಲ.

2021ರ ಮೇ ತಿಂಗಳಿನಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ, ಅವರ ಪತ್ನಿ ತೀರಿಕೊಂಡರು. ಸುದ್ದಿ ಗುಂಪಿಗೆ ಬಂತು. ಲಾಕ್‌ಡೌನ್ ಇದ್ದುದರಿಂದ ಯಾರೂ ಹೋಗುವಂತಿರಲಿಲ್ಲ. ಒಬ್ಬರಾದ ಮೇಲೆ ಒಬ್ಬರು "ಓಂ ಶಾಂತಿ" ಎಂದು ಬರೆದರು. ನಾನೂ ಬರೆದೆ. ಸಂಜೆಯವರೆಗೆ ನಲವತ್ತಮೂರು ಓಂ ಶಾಂತಿಗಳಾದವು. ರಾತ್ರಿ ಮಲಗಿದಾಗ ಥಟ್ಟನೆ ಹೊಳೆಯಿತು. ಗಣಿತದ ಮೇಷ್ಟ್ರು ಆ ಗುಂಪಿನಲ್ಲಿ ಇರಲೇ ಇಲ್ಲ. ನಲವತ್ತಮೂರರಲ್ಲಿ ಒಂದೂ ಅವರಿಗೆ ತಲುಪಿರಲಿಲ್ಲ. ನಾವು ಒಬ್ಬರಿಗೊಬ್ಬರು ಸಂತಾಪ ಹೇಳಿಕೊಂಡು ಮಲಗಿದ್ದೆವು.

ಮರುದಿನ ಬೆಳಿಗ್ಗೆ ಕಾಗದ ತೆಗೆದು ಪೆನ್ನಿನಲ್ಲಿ ಪತ್ರ ಬರೆದೆ. ಎಷ್ಟೋ ವರ್ಷಗಳ ನಂತರ ಬರೆದ ಪತ್ರ. ಆ ಚಿತ್ರ ಸುಳ್ಳಾಗಿತ್ತು, ನೀವು ಹೇಳಿದ್ದು ಸರಿಯಾಗಿತ್ತು, ಅದನ್ನು ಒಪ್ಪಿಕೊಳ್ಳಲು ಎರಡು ವರ್ಷವೂ ಒಂದು ಸಾವೂ ಬೇಕಾದುದಕ್ಕೆ ನಾಚಿಕೆಯಾಗುತ್ತಿದೆ ಎಂದು ಬರೆದೆ. ಹಾಲು ಹಾಕುವ ಹುಡುಗನ ಕೈಯಲ್ಲಿ ಕಳುಹಿಸಿದೆ. ನಾಲ್ಕನೆಯ ದಿನ ಫೋನು ಬಂತು. "ಮೇಷ್ಟ್ರೇ, ಪತ್ರ ತಲುಪಿತು. ಕನ್ನಡ ಮೇಷ್ಟ್ರಾಗಿ ಎರಡು ಕಡೆ ಕಾಗುಣಿತ ತಪ್ಪಿದ್ದೀರಿ" ಎಂದರು. ಆಮೇಲೆ ಇಬ್ಬರಿಗೂ ಮಾತು ಬರಲಿಲ್ಲ. ಈಗ ಪ್ರತಿ ಬುಧವಾರ ಅವರ ಮನೆಯಲ್ಲಿ ಕಾಫಿ. ರಾಜಕೀಯವನ್ನೇ ಮಾತನಾಡುತ್ತೇವೆ, ಜೋರಾಗಿಯೇ. ಅವರ ಓಟು ಒಂದು ಕಡೆ, ನನ್ನದು ಇನ್ನೊಂದು ಕಡೆ. ಅವರು ಯಾಕೆ ಹಾಗೆ ಯೋಚಿಸುತ್ತಾರೆಂಬುದು ಮಾತ್ರ ಈಗ ನನಗೆ ಗೊತ್ತು. ಇಪ್ಪತ್ತೆರಡು ವರ್ಷ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರೂ ಗೊತ್ತಿರಲಿಲ್ಲ.

ವಾದದಿಂದ ಯಾರ ಮನಸ್ಸೂ ಬದಲಾಗುವುದಿಲ್ಲ, ಮತ್ತೇಕೆ ವಾದ ಎಂದು ನೀವು ಕೇಳಬಹುದು. ಮನಸ್ಸು ಬದಲಾಗಲೇಬೇಕೆಂಬ ಹಟವೇಕೆ? 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೊರೆತ ಶಿಕ್ಷೆ ಎಂದು ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯನ್ನು ತಾವೂ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರಿಗೆ ಈ ವಾದ ಅವೈಜ್ಞಾನಿಕವೆನಿಸಿತು. ಅವರು ಖಂಡನೆಯನ್ನು ಬರೆದು, ಪ್ರಕಟಣೆಗಾಗಿ ಗಾಂಧೀಜಿಯವರಿಗೇ ಕಳುಹಿಸಿದರು. ಗಾಂಧೀಜಿ ಅದನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲಿಯೇ ಅಚ್ಚು ಹಾಕಿ, ತಮ್ಮ ಉತ್ತರವನ್ನೂ ಬರೆದರು. ಅವರೂ ಬದಲಾಗಲಿಲ್ಲ, ಇವರೂ ಬದಲಾಗಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಗುರುದೇವರಾಗಿ, ಮಹಾತ್ಮರಾಗಿ ಕೊನೆಯವರೆಗೂ ಉಳಿದರು. ತನ್ನನ್ನು ಖಂಡಿಸುವ ಲೇಖನವನ್ನು ತನ್ನ ಪತ್ರಿಕೆಯಲ್ಲಿಯೇ ಅಚ್ಚು ಹಾಕಿದವರ ದೇಶದಲ್ಲಿ, ಗೆಳೆಯನ ಎರಡು ಸಾಲನ್ನು ಸಹಿಸಲಾರದೆ ನಾವು ಗುಂಪು ಬಿಡುತ್ತಿದ್ದೇವೆ!

"ಏನಾದರೂ ಆದರೆ ಅಡ್ಮಿನ್ ಜೈಲಿಗೆ ಹೋಗಬೇಕಾಗುತ್ತದೆ ಸಾರ್" ಎಂಬ ಭಯವನ್ನೂ ಕೇಳಿದ್ದೇನೆ. ಸದಸ್ಯನೊಬ್ಬ ಹಾಕಿದ ಸಂದೇಶಕ್ಕೆ, ಅಡ್ಮಿನ್ ಆಗಿದ್ದಾನೆಂಬ ಕಾರಣಕ್ಕಷ್ಟೇ ಅವನನ್ನು ಹೊಣೆ ಮಾಡಲಾಗದೆಂದು ಕೇರಳ ಹೈಕೋರ್ಟ್ 2022ರಲ್ಲಿಯೇ ಹೇಳಿದೆ. ಭಯವನ್ನು ನೆಪವಾಗಿಸಿಕೊಳ್ಳಬೇಡಿ.

ಒಂದು ಮಾತನ್ನು ಮಾತ್ರ ಸ್ಪಷ್ಟವಾಗಿ ಹೇಳುತ್ತೇನೆ. ತೆರಿಗೆ, ಪಿಂಚಣಿ, ಪಕ್ಷ, ನಾಯಕ, ಯೋಜನೆ, ಭಾಷಾನೀತಿ ಇವೆಲ್ಲ ಭಿನ್ನಾಭಿಪ್ರಾಯದ ವಿಷಯಗಳು. ಸಹಪಾಠಿಯ ಜಾತಿ, ಧರ್ಮ, ಹುಟ್ಟುಗಳನ್ನು ಹಿಡಿದು ಅವಹೇಳನ ಮಾಡುವುದು ಅಭಿಪ್ರಾಯವಲ್ಲ. ನಿಮ್ಮ ತರಗತಿಯಲ್ಲಿ ಎಲ್ಲ ಮತದ, ಎಲ್ಲ ಕೇರಿಯ ಮಕ್ಕಳೂ ಇದ್ದರು. ಅಂಥ ಒಂದು ಮಾತು ಆಡಿದವನನ್ನು ನಾನು ಹೊರಗೆ ನಿಲ್ಲಿಸುತ್ತಿದ್ದೆ. ನೀವೂ ನಿಲ್ಲಿಸಿ. ಅಲ್ಲಿ ನಿಮ್ಮ ಮೌನ ಸಜ್ಜನಿಕೆಯಾಗದು. ಮೌನಂ ಸಮ್ಮತಿ ಲಕ್ಷಣಂ ಎಂದು ನೊಂದವನು ಅದನ್ನು ಓದಿಕೊಳ್ಳುತ್ತಾನೆ.

ನೀವು ನನ್ನಿಂದ ಅಪ್ಪಣೆಯನ್ನೇ ಬಯಸಿದ್ದರಿಂದ, ಬೇರೆ ನಾಲ್ಕು ಅಪ್ಪಣೆಗಳನ್ನು ಕೊಡುತ್ತೇನೆ.

ಮೊದಲನೆಯದು, ನಕಲು ಬೇಡ. ಹೇಳಬೇಕಾದದ್ದನ್ನು ಸ್ವಂತ ಮಾತಿನಲ್ಲಿ ಬರೆಯಿರಿ. ಭಾಷೆ ಒರಟಾಗಿರಲಿ, ವ್ಯಾಕರಣ ತಪ್ಪಿರಲಿ, ನಾನು ಅಂಕ ಕಳೆಯುವುದಿಲ್ಲ. ಸ್ವಂತ ಮಾತಿನಲ್ಲಿ ಬರೆಯಲು ಕುಳಿತವನ ಸಿಟ್ಟು ಅರ್ಧ ಇಳಿದಿರುತ್ತದೆ, ಬರೆಯಲಾಗದವನಿಗೆ ತನ್ನ ತಿಳಿವಳಿಕೆ ಎಷ್ಟೆಂದು ಗೊತ್ತಾಗುತ್ತದೆ.

ಎರಡನೆಯದು, ನಮ್ಮ ಚರ್ಚಾ ಸ್ಪರ್ಧೆಯ ನಿಯಮ. ಎದುರಾಳಿಯ ವಾದವನ್ನು ಅವನು "ಹೌದು, ನಾನು ಹೇಳಿದ್ದು ಅದೇ" ಎನ್ನುವಂತೆ ಹೇಳಿದ ಮೇಲೆಯೇ ಅದನ್ನು ಖಂಡಿಸಬೇಕು. ಈ ವಾರ ಪರ ಮಾತನಾಡಿದವನು ಮುಂದಿನ ವಾರ ವಿರೋಧ ಮಾತನಾಡಬೇಕೆಂದು ನಾನು ಕಡ್ಡಾಯ ಮಾಡಿದ್ದೆ. ಆಗ ಗೊಣಗಿದ್ದಿರಿ. ಅದು ಇಂದಿಗಾಗಿಯೇ ಆಗಿತ್ತು.

ಮೂರನೆಯದು, ತಪ್ಪಾಗಿದ್ದರೆ ತಪ್ಪು ಮಾಡಿದ ಜಾಗದಲ್ಲಿಯೇ ಒಪ್ಪಿಕೊಳ್ಳಿ. ನಲವತ್ತು ಜನರೆದುರು ಸುಳ್ಳು ಹೇಳಿ, ಒಬ್ಬನ ಕಿವಿಯಲ್ಲಿ ಕ್ಷಮೆ ಕೇಳುವುದು ನ್ಯಾಯವಲ್ಲ. ನಾನೂ ಆ ಪತ್ರದಲ್ಲಿದ್ದುದನ್ನು ಆಮೇಲೆ ಗುಂಪಿನಲ್ಲಿ ಬರೆದೆ. ಬರೆಯುವಾಗ ಕೈ ನಡುಗಿತು ಎಂಬುದು ನಿಜ.

ನಾಲ್ಕನೆಯದು, ಮಾತು ಮೂರು ಸುತ್ತು ಮೀರಿ ಬಿಸಿಯಾದರೆ ಫೋನು ಮಾಡಿ, ಅದೇ ಊರಿನಲ್ಲಿದ್ದರೆ ಎದ್ದು ಹೋಗಿ. ಬರಹದಲ್ಲಿ ಇರಿಯುವ ವಾಕ್ಯವನ್ನು ಬಹುತೇಕ ಜನ ಮುಖ ನೋಡಿ ಆಡಲಾರರು. ಹೇಳದೆ ಕೇಳದೆ ಗುಂಪು ಬಿಟ್ಟವನಿಗೆ ಅಂದೇ ಸಂಜೆ ಒಬ್ಬರಾದರೂ ಫೋನು ಮಾಡಬೇಕು.

ಇನ್ನು ಆ ಎರಡು ಆಮಂತ್ರಣಗಳ ವಿಷಯ. ಎರಡಕ್ಕೂ ನಾನು ಬರುವುದಿಲ್ಲ. ಒಂದೇ ತರಗತಿಗೆ ಪಾಠ ಹೇಳಿದವನು ಎರಡು ಚಪ್ಪರದಲ್ಲಿ ಎರಡು ಶಾಲು ಹೊದೆಯಲಾರೆ. ನಿಮ್ಮ ಹಾಜರಿ ಪುಸ್ತಕದಲ್ಲಿ ಐವತ್ತೊಂದು ಹೆಸರುಗಳಿದ್ದವು. ಮೂವರು ತೀರಿಕೊಂಡಿದ್ದಾರೆ. ಉಳಿದ ನಲವತ್ತೆಂಟು ಜನರಿಗೂ ಒಂದೇ ದಿನಾಂಕದ ಪತ್ರಿಕೆ ಹೋದ ದಿನ ನನಗೊಂದು ಮಾತು ಹೇಳಿ. ಆ ಶಿಕ್ಷಕನನ್ನೂ ತವರಿನ ಬಸ್ಸು ಹತ್ತುವ ಆ ಹೆಣ್ಣುಮಗಳನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ. ಹಾಜರಿಯನ್ನು ನಾನೇ ಕೂಗುತ್ತೇನೆ. ಅದಾದ ಮೇಲೆ ರಾಜಕೀಯ ಮಾತನಾಡೋಣ.

ನಿಮ್ಮ ಹಿತೈಷಿ,
ಮೇಷ್ಟ್ರು